ಬೀದಿ ಯಾರಪ್ಪಂದು?

ನಮ್ಮ ಕೇರಿ ಈಗ ಊರಾಚೆ ಇಲ್ಲ. ಬೆಂಗಳೂರು ಬೆಳೆಯುತ್ತಾ ಬಂದು ಅದನ್ನು ಒಳಕ್ಕೆ ಎಳೆದುಕೊಂಡಿದೆ. ಒಂದು ಕಾಲಕ್ಕೆ ರಾಗಿ ಹೊಲವಿದ್ದ ಕಡೆ ಲೇಔಟ್ ಎದ್ದಿದೆ. ಲೇಔಟಿಗೂ ಕೇರಿಗೂ ನಡುವೆ ಇರೋದು ಒಂದು ಮೋರಿ. ಆ ಮೋರಿ ದಾಟಿ ನಮ್ಮ ಹೆಂಗಸರು ಬೆಳಿಗ್ಗೆ ಬೀದಿ ಗುಡಿಸೋಕೆ, ಪಾತ್ರೆ ತೊಳೆಯೋಕೆ, ಸೊಪ್ಪು ಮಾರೋಕೆ ಹೋಗ್ತಾರೆ. ನಮ್ಮ ಹುಡುಗರು ಆಟೋ ಓಡಿಸೋಕೆ ಹೋಗ್ತಾರೆ.

ಆ ಲೇಔಟಿನ ಒಂದು ಅಡ್ಡರಸ್ತೆಯಲ್ಲಿ ಒಂದು ಕಾರು ಮಲಗಿದೆ. ಟಾರ್ಪಾಲು ಹೊದ್ದುಕೊಂಡು ಮಲಗಿ ಮೂರು ವರ್ಷವಾಯಿತು. ಟೈರಿನ ಗಾಳಿ ಇಳಿದಿದೆ. ಅದರಡಿ ನಾಯಿಯೊಂದು ಎರಡು ಸಲ ಮರಿ ಹಾಕಿದೆ. ಬೀದಿ ಗುಡಿಸೋ ನಮ್ಮ ಹೆಂಗಸರು ದಿನಾ ಬೆಳಿಗ್ಗೆ ಬಗ್ಗಿ, ಪೊರಕೆ ತೂರಿಸಿ, ಅದರ ಹೊಟ್ಟೆಯ ಕೆಳಗಿನ ಕಸ ಎಳೀತಾರೆ. ಅದನ್ನು ಏಳು ಅಂದವರು ಈವರೆಗೆ ಒಬ್ಬರೂ ಇಲ್ಲ.

ಒಂದು ದಿನ ನಮ್ಮ ಕೇರಿಯ ಸೊಪ್ಪಿನಕ್ಕ ತನ್ನ ತಳ್ಳುಗಾಡಿಯನ್ನು ಆ ಕಾರಿನ ಪಕ್ಕದಲ್ಲಿ, ಹೊಂಗೆಮರದ ನೆರಳಿಗೆ ನಿಲ್ಲಿಸಿದಳು. ಕಾಲು ಗಂಟೆಯೂ ಆಗಿರಲಿಲ್ಲ. ಎದುರು ಮನೆಯ ಯಜಮಾನರು ಗೇಟಿಗೆ ಬಂದರು.

'ಏನಮ್ಮಾ, ಇದೇನು ನಿಮ್ಮಪ್ಪನ ರಸ್ತೆಯಾ? ತೆಗಿ ಗಾಡಿ.'

ಅಕ್ಕ ಮಾತಾಡಲಿಲ್ಲ. ಗಾಡಿ ತಳ್ಳಿಕೊಂಡು ಬಂದಳು. ಸಂಜೆ ಕಟ್ಟೆ ಮೇಲೆ ಕೂತಿದ್ದ ನಮ್ಮ ಹತ್ತಿರ ಬಂದು ಒಂದೇ ಮಾತು ಕೇಳಿದಳು:

'ಅಲ್ಲ ಕಣ್ರಪ್ಪಾ, ನಮ್ಮಪ್ಪಂದಲ್ಲ, ಸರಿ. ಹಂಗಾದ್ರೆ ಅದು ಅವರಪ್ಪಂದಾ?'

ನಾವು ಓದಿದವರು. ಸಭೆಗಳಲ್ಲಿ ಭಾಷಣ ಮಾಡಿದವರು. ಆ ಪ್ರಶ್ನೆಗೆ ತಕ್ಷಣ ಉತ್ತರ ಕೊಡಲಾಗಲಿಲ್ಲ. ಕಾರು ನಿಲ್ಲಿಸುವ ಜಾಗದ ಜಗಳ ಅಂದರೆ ಉಳ್ಳವರ ಮನೆಮಾತು, ಅದರಲ್ಲಿ ನಮಗೇನು ಕೆಲಸ ಅಂತ ಇದುವರೆಗೆ ಅಂದುಕೊಂಡಿದ್ದೆವು. ಅದು ತಪ್ಪು. ಬೀದಿಯಲ್ಲಿ ಯಾರು ನಿಲ್ಲಬಹುದು, ಯಾರು ನಿಲ್ಲಬಾರದು ಎನ್ನುವುದು ಈ ದೇಶದ ಅತಿ ಹಳೆಯ ಪ್ರಶ್ನೆ. ಅದನ್ನು ನಮ್ಮಷ್ಟು ಬಲ್ಲವರು ಯಾರಿದ್ದಾರೆ?

ಮೊದಲು ಅಳತೆಗೆ ಬರೋಣ. ಆವೇಶಕ್ಕಿಂತ ಟೇಪು ಒಳ್ಳೆಯದು.

ಒಂದು ಕಾರು ನಿಲ್ಲಲು ಎಂಜಿನಿಯರುಗಳು ಗುರುತು ಹಾಕುವ ಜಾಗ ಸಾಮಾನ್ಯವಾಗಿ 5 ಮೀಟರ್ ಉದ್ದ, 2.5 ಮೀಟರ್ ಅಗಲ. ಅಂದರೆ 12.5 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಸುಮಾರು 135 ಚದರಡಿ. ಈಗ ಇನ್ನೊಂದು ಲೆಕ್ಕ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಸೂರಿಲ್ಲದ ಬಡ ಕುಟುಂಬಕ್ಕೆ ಸರ್ಕಾರ ನಿಗದಿ ಮಾಡಿದ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಡುಗೆ ಮಾಡುವ ಜಾಗವೂ ಸೇರಿ. ಗಂಡ, ಹೆಂಡತಿ, ಮಕ್ಕಳು, ಮುದುಕಿ, ಒಲೆ, ಎಲ್ಲಾ ಅದರೊಳಗೆ.

ಎರಡು ಕಾರು ನಿಲ್ಲುವ ಜಾಗ ಒಂದು ಬಡ ಸಂಸಾರದ ಮನೆಗೆ ಸಮ. ಆ ಮನೆಗಾಗಿ ನಮ್ಮ ಜನ ಎಷ್ಟು ಸಲ ಅರ್ಜಿ ಕೊಡಬೇಕು, ಎಷ್ಟು ಗ್ರಾಮಸಭೆಗೆ ಹೋಗಿ ಕೈಮುಗಿಯಬೇಕು, ಬಲ್ಲವರೇ ಬಲ್ಲರು. ಎರಡು ಕಾರಿನವನು ಬೀದಿಯಲ್ಲಿ ಅಷ್ಟೇ ಜಾಗವನ್ನು ಅರ್ಜಿಯಿಲ್ಲದೆ, ಬಾಡಿಗೆಯಿಲ್ಲದೆ, ಯಾರಿಗೂ ಸಲಾಮು ಹೊಡೆಯದೆ ಹಿಡಿದಿದ್ದಾನೆ.

ಎಷ್ಟು ಜನರ ಹತ್ತಿರ ಕಾರಿದೆ? 2011ರ ಜನಗಣತಿಯಲ್ಲಿ ದೇಶದ ನೂರು ಮನೆಗಳಲ್ಲಿ ಕಾರು, ಜೀಪು ಅಥವಾ ವ್ಯಾನು ಇದ್ದದ್ದು 4.7 ಮನೆಗಳಲ್ಲಿ; ಸ್ಕೂಟರು, ಬೈಕು ಇದ್ದದ್ದು 21ರಲ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೂ ಕಾರಿನ ಮನೆಗಳು ನೂರಕ್ಕೆ ಸುಮಾರು 8ರ ಆಸುಪಾಸು ಅಷ್ಟೆ. ಬೆಂಗಳೂರಿನಲ್ಲಿ ಲೆಕ್ಕ ಬೇರೆ. ಇಲ್ಲಿ ನೋಂದಣಿಯಾದ ವಾಹನಗಳೇ 1 ಕೋಟಿ ದಾಟಿವೆ. ಆದರೂ ಅದರಲ್ಲಿ ಬಹುಪಾಲು ದ್ವಿಚಕ್ರ. ಕಡಿಮೆ ಜನ ಹೆಚ್ಚು ಬೀದಿಯನ್ನು ಹಿಡಿದಿದ್ದಾರೆ ಅನ್ನೋದು ಕಣ್ಣಿಗೆ ಕಾಣೋ ಸತ್ಯ. ಭೂಮಿ ಹಂಚಿಕೆಯಲ್ಲಿ ಕಂಡದ್ದೇ ಬೀದಿ ಹಂಚಿಕೆಯಲ್ಲೂ ಕಾಣ್ತಿದೆ.

ಹಾಗಾದರೆ ಕಾನೂನು ಏನು ಹೇಳುತ್ತದೆ?

ಕಾನೂನು ಕಾರಿನ ಪರವಾಗಿಲ್ಲ. ಇದು ನಮಗೂ ಆಶ್ಚರ್ಯ ತಂದ ಸಂಗತಿ. 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಮು ಓದಿ ನೋಡಿ. ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಬಿಟ್ಟುಹೋದ ವಾಹನವನ್ನು ಎಳೆದುಕೊಂಡು ಹೋಗಲು ಸಮವಸ್ತ್ರದ ಪೊಲೀಸ್ ಅಧಿಕಾರಿ ಆದೇಶ ಕೊಡಬಹುದು. ಹತ್ತು ಗಂಟೆ! ಟಾರ್ಪಾಲಿನ ಕಾರು ಮಲಗಿ ಮೂರು ವರ್ಷವಾಯಿತು.

ಇನ್ನು ತಳ್ಳುಗಾಡಿ. ಬೀದಿ ವ್ಯಾಪಾರಿಗಳ ರಕ್ಷಣೆಗೆಂದೇ 2014ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು. ವ್ಯಾಪಾರಿಗಳ ಸಮೀಕ್ಷೆ ಮುಗಿದು, ಅವರಿಗೆ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ, ಎಬ್ಬಿಸಬೇಕಾದರೆ 30 ದಿನದ ನೋಟೀಸು ಕೊಡಬೇಕು. ಜಾಗ ಗೊತ್ತುಮಾಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ರಷ್ಟಾದರೂ ಬೀದಿ ವ್ಯಾಪಾರಿಗಳೇ ಇರಬೇಕು.

ಕಾಗದದ ಮೇಲೆ ಹತ್ತು ಗಂಟೆ ಕಾರಿಗೆ, ಮೂವತ್ತು ದಿನ ಗಾಡಿಗೆ. ಬೀದಿಯಲ್ಲಿ ಮೂರು ವರ್ಷ ಕಾರಿಗೆ, ಕಾಲು ಗಂಟೆ ಗಾಡಿಗೆ. ಕಾನೂನು ತಲೆಕೆಳಗಾಗಿ ನಿಂತದ್ದು ಯಾಕೆ? ಕಾನೂನನ್ನು ನಡೆಸುವವನ ಕಣ್ಣಿಗೆ ಕಾರಿನ ಹಿಂದೆ ಒಬ್ಬ 'ಸಾರ್' ಕಾಣ್ತಾನೆ. ಗಾಡಿಯ ಹಿಂದೆ ಬರೀ ಸೆರಗು ಕಾಣುತ್ತೆ.

ಬೊಂಬಾಯಿಯ ಫುಟ್‌ಪಾತ್ ವಾಸಿಗಳ ಮೊಕದ್ದಮೆ ನಮ್ಮ ಹಿರಿಯ ಗೆಳೆಯರಿಗೆ ನೆನಪಿರಬಹುದು. ಓಲ್ಗಾ ಟೆಲ್ಲಿಸ್ ಮೊಕದ್ದಮೆ ಅಂತ ಅದರ ಹೆಸರು. 1985ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ತೀರ್ಪು ಕೊಟ್ಟರು. ಜೀವಿಸುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಸೇರಿದೆ ಅಂದರು. ಅದು ದೊಡ್ಡ ಮಾತು. ಅದೇ ಬಾಯಲ್ಲಿ, ಫುಟ್‌ಪಾತ್ ಇರೋದು ಸಾರ್ವಜನಿಕರ ಓಡಾಟಕ್ಕೆ, ಅದನ್ನು ಖಾಸಗಿ ಉಪಯೋಗಕ್ಕೆ ಹಿಡಿದುಕೊಳ್ಳುವ ಹಕ್ಕು ಯಾರಿಗೂ ಇಲ್ಲ ಅಂತಲೂ ಅಂದರು. ಮಳೆಗಾಲ ಮುಗಿದ ಮೇಲೆ ತೆರವಿಗೆ ದಾರಿಯಾಯಿತು.

ಒಳ್ಳೆಯದು. ಸಾರ್ವಜನಿಕ ನೆಲದ ಮೇಲೆ ಖಾಸಗಿ ಹಕ್ಕು ಇಲ್ಲ. ತತ್ವ ಸರಿ. ನಾವು ಕೇಳೋದು ಇಷ್ಟೆ: ಬೇರೆಲ್ಲೂ ಜಾಗವಿಲ್ಲದೆ ಬೀದಿಯಲ್ಲಿ ಮಲಗಿದ ಮನುಷ್ಯನಿಗೆ ಹಚ್ಚಿದ ತತ್ವವನ್ನು, ಬೀದಿಯಲ್ಲಿ ಮಲಗಿದ ಕಾರಿಗೆ ಯಾಕೆ ಹಚ್ಚೋದಿಲ್ಲ? ಮನುಷ್ಯ ಮಲಗಿದರೆ ಅತಿಕ್ರಮಣ. ಕಾರು ಮಲಗಿದರೆ ಪಾರ್ಕಿಂಗ್. ಒಂದೇ ಕೆಲಸಕ್ಕೆ ಎರಡು ಹೆಸರು. ಎರಡು ಹೆಸರಿಡುವ ವಿದ್ಯೆ ಈ ದೇಶಕ್ಕೆ ಚೆನ್ನಾಗಿ ಗೊತ್ತು.

ಲೇಔಟಿನ ಗೆಳೆಯರೊಬ್ಬರ ಹತ್ತಿರ ಈ ಮಾತು ಎತ್ತಿದೆವು. ಅವರು ಕೆಟ್ಟವರಲ್ಲ. ನಮ್ಮ ಸಭೆಗೆ ಬಂದವರು, ಚಂದಾ ಕೊಟ್ಟವರು. ಅವರು ಮೂರು ಮಾತು ಹೇಳಿದರು. ಮೂರಕ್ಕೂ ಉತ್ತರ ಹುಡುಕುವುದು ನಮ್ಮ ಕರ್ತವ್ಯ.

ಮೊದಲನೆಯದು: 'ನಾವು ರೋಡ್ ಟ್ಯಾಕ್ಸ್ ಕಟ್ಟಿದ್ದೀವಲ್ಲ?' ಕಟ್ಟಿದ್ದೀರಿ. ಗಾಡಿ ಬೀದಿಯಲ್ಲಿ ಓಡುವುದಕ್ಕೆ. ಬೀದಿಯನ್ನು ಕೊಟ್ಟಿಗೆ ಮಾಡಿಕೊಳ್ಳುವುದಕ್ಕಲ್ಲ. ಬಸ್ಸಿಗೆ ಟಿಕೆಟು ತಗೊಂಡವನು ಬಸ್ಸಿನಲ್ಲೇ ಸಂಸಾರ ಹೂಡುತ್ತಾನೆಯೆ? ಮತ್ತೆ ತೆರಿಗೆ ಕಟ್ಟುವವರು ನೀವೊಬ್ಬರೇ ಅಲ್ಲ. ಸೊಪ್ಪಿನಕ್ಕ ಕೊಳ್ಳುವ ಸೋಪಿನಲ್ಲೂ ಬೆಂಕಿಪೊಟ್ಟಣದಲ್ಲೂ ಸರ್ಕಾರದ ಪಾಲಿದೆ.

ಎರಡನೆಯದು: 'ನನ್ನ ಮನೆ ಮುಂದೆ ತಾನೆ ನಿಲ್ಲಿಸಿರೋದು?' ಈ 'ಮನೆ ಮುಂದೆ' ಅನ್ನೋ ಮಾತಲ್ಲೇ ಮೋಸವಿದೆ. ನೀವು ಕೊಂಡದ್ದು ಮೂವತ್ತು-ನಲವತ್ತರ ಸೈಟು. ಅದರ ಗಡಿ ಕಾಂಪೌಂಡಿಗೆ ಮುಗೀತು. ಅದರಾಚೆ ಇರುವ ಒಂದಂಗುಲವೂ ನಿಮ್ಮ ಪತ್ರದಲ್ಲಿಲ್ಲ. ಗೇಟಿನ ಮುಂದೆ ಕಲ್ಲು, ಹೂಕುಂಡ, ಕಬ್ಬಿಣದ ಸರಪಳಿ ಇಟ್ಟು ಜಾಗ ಕಾಯ್ದಿರಿಸಿಕೊಳ್ಳೋದು ಕಾನೂನಲ್ಲ, ಬೇಲಿ. ಹಳ್ಳಿಯಲ್ಲಿ ಗೋಮಾಳಕ್ಕೆ ಬೇಲಿ ಹಾಕಿದ ಗೌಡನನ್ನು ಬೈದು ಬಂದ ನಾವು, ನಗರದಲ್ಲಿ ಬೀದಿಗೆ ಬೇಲಿ ಹಾಕಿದವರನ್ನು ನೋಡಿ ಸುಮ್ಮನಿರಬೇಕೆ? ಇನ್ನೂ ಒಂದು ಸಂಗತಿ. ಪ್ಲಾನಿನಲ್ಲಿ 'ಕಾರ್ ಪಾರ್ಕಿಂಗ್' ಅಂತ ತೋರಿಸಿ ಮಂಜೂರಾತಿ ಪಡೆದ ನೆಲಮಾಳಿಗೆಯಲ್ಲಿ ಆಮೇಲೆ ಅಂಗಡಿ ಬರುತ್ತೆ, ಬಾಡಿಗೆ ರೂಮು ಬರುತ್ತೆ. ಬಾಡಿಗೆ ಯಜಮಾನರ ಜೇಬಿಗೆ, ಕಾರು ಬೀದಿಗೆ. ಲಾಭ ಖಾಸಗಿ, ಜಾಗ ಸಾರ್ವಜನಿಕ.

ಮೂರನೆಯದು: 'ಎಷ್ಟೋ ವರ್ಷದಿಂದ ಹೀಗೇ ನಿಲ್ಲಿಸ್ತಾ ಇದ್ದೀವಿ. ಯಾರೂ ಕೇಳಿಲ್ಲ.'

ಈ ಮಾತು ಕೇಳಿದಾಗ ನಮಗೆ ಮಹಾಡ್ ನೆನಪಾಯಿತು. ಕಾರಿನ ಮಾತಿನ ನಡುವೆ ಮಹಾಡ್ ಯಾಕೆ ಅಂತ ಕೇಳಬೇಡಿ. ಸಂಬಂಧವಿದೆ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಚವದಾರ್ ಕೆರೆಯ ನೀರು ಮುಟ್ಟಿದರು. ಸಾರ್ವಜನಿಕ ಕೆರೆಗಳು ಎಲ್ಲರಿಗೂ ಅಂತ ಬೊಂಬಾಯಿ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು. ಠರಾವು ಇತ್ತು, ನೀರು ಸಿಕ್ಕಿರಲಿಲ್ಲ. ಸವರ್ಣೀಯರು ಕೋರ್ಟಿಗೆ ಹೋದರು. ಅವರ ವಾದದ ತಿರುಳು ಏನು? ಈ ಕೆರೆ ನಮ್ಮದು, ಬಹಳ ಹಿಂದಿನಿಂದ ನಾವೇ ಬಳಸ್ತಾ ಬಂದಿದ್ದೀವಿ, ಅವರು ಮುಟ್ಟದಿರೋದೇ ರೂಢಿ ಅಂತ. ಹತ್ತು ವರ್ಷ ಎಳೆದ ಆ ಮೊಕದ್ದಮೆಯಲ್ಲಿ 1937ರ ಮಾರ್ಚಿನಲ್ಲಿ ಬೊಂಬಾಯಿ ಹೈಕೋರ್ಟು ಆ ರೂಢಿಯ ವಾದವನ್ನು ಒಪ್ಪಲಿಲ್ಲ. ಬಾಬಾಸಾಹೇಬರು ಗೆದ್ದರು.

ಕೆರೆಯ ಅಸ್ಪೃಶ್ಯತೆಯೂ ಕಾರಿನ ಪಾರ್ಕಿಂಗೂ ಒಂದೇ ಅಂತ ನಾವು ಹೇಳ್ತಾ ಇಲ್ಲ. ಹಾಗೆ ಹೇಳಿದರೆ ನಮ್ಮ ಜನರ ನೋವಿಗೇ ಅವಮಾನ. ಆದರೆ ವಾದದ ದಾರಿ ಒಂದೇ. ಎಲ್ಲರಿಗೂ ಸೇರಿದ ವಸ್ತುವನ್ನು ಬಲವಿದ್ದವನು ಮೊದಲು ಬಳಸುತ್ತಾನೆ. ಬಳಸಿ ಬಳಸಿ ರೂಢಿಯಾಗುತ್ತದೆ. ರೂಢಿ ಹಕ್ಕಾಗುತ್ತದೆ. ಆಮೇಲೆ ನಿಜವಾದ ಹಕ್ಕುದಾರ ಬಂದು ನಿಂತರೆ ಅವನೇ ಅತಿಕ್ರಮಣಕಾರ. ಸಂವಿಧಾನದ 15ನೇ ವಿಧಿಯ ಎರಡನೇ ಉಪವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಪಕ್ಕದಲ್ಲೇ 'ರಸ್ತೆ' ಅನ್ನೋ ಮಾತನ್ನು ಸೇರಿಸಿದವರಿಗೆ ಇದು ಗೊತ್ತಿತ್ತು. ದೇವಸ್ಥಾನದ ಸುತ್ತಲಿನ ಬೀದಿಯಲ್ಲಿ ನಡೆಯುವ ಹಕ್ಕಿಗಾಗಿಯೇ 1924ರಲ್ಲಿ ವೈಕಂನಲ್ಲಿ ಸತ್ಯಾಗ್ರಹ ಶುರುವಾಯಿತು. ಬೀದಿ ನಮಗೆ ಯಾರೂ ದಾನ ಕೊಟ್ಟದ್ದಲ್ಲ.

ಸರ್ಕಾರಕ್ಕೂ ಇದು ತಿಳಿಯದ್ದಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ, ಪಾರ್ಕಿಂಗ್ ಶುಲ್ಕವು ಗಾಡಿ ಹಿಡಿದ ನೆಲದ ನಿಜವಾದ ಬೆಲೆಗೆ ತಕ್ಕಂತಿರಬೇಕು ಅಂದಿತು. ಬೆಂಗಳೂರಿಗೇ ಅಂತ 2021ರಲ್ಲಿ ಒಪ್ಪಿಗೆಯಾದ ಪಾರ್ಕಿಂಗ್ ನೀತಿ, ವಸತಿ ಬೀದಿಗಳಲ್ಲಿ ಕಾರು ನಿಲ್ಲಿಸುವವರು ವರ್ಷದ ಪರವಾನಗಿ ಪಡೆಯಬೇಕು ಅಂದಿತು. ಸಣ್ಣ ಕಾರಿಗೆ 1000 ರೂಪಾಯಿ, ದೊಡ್ಡ ಗಾಡಿಗೆ 5000 ರೂಪಾಯಿ. ದಿನಕ್ಕೆ ಲೆಕ್ಕ ಹಾಕಿ: ಸಣ್ಣದಕ್ಕೆ 3 ರೂಪಾಯಿಗಿಂತ ಕಡಿಮೆ, ದೊಡ್ಡದಕ್ಕೆ 14 ರೂಪಾಯಿಗಿಂತ ಕಡಿಮೆ. ಒಂದು ಲೋಟ ಟೀ ದುಡ್ಡು. ಅಷ್ಟಕ್ಕೇ ಕೂಗೆದ್ದಿತು. ನೀತಿ ಬಹುಕಾಲ ಕಾಗದದಲ್ಲೇ ಉಳಿಯಿತು. ತಳ್ಳುಗಾಡಿಯವರು ದಿನಾ ಕೊಡುವ ಮಾಮೂಲಿಗೆ ಮಾತ್ರ ಯಾವ ನೀತಿಯೂ ಬೇಕಾಗಲಿಲ್ಲ. ಅದು ತಪ್ಪದೆ ವಸೂಲಾಗ್ತಾ ಇದೆ.

ಇಲ್ಲಿಗೆ ನಿಲ್ಲಿಸಿದ್ದರೆ ನಮಗೆ ಸುಲಭವಾಗುತ್ತಿತ್ತು. ಎದುರಿನವರನ್ನು ಬೈದು ಮನೆಗೆ ಹೋಗಬಹುದಿತ್ತು. ಆದರೆ ನಮ್ಮ ಕೇರಿಯ ಮಾತೂ ಹೇಳಬೇಕು.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ನಮ್ಮ ಕೇರಿಯ ಹೆಣ್ಣುಮಗಳಿಗೆ ಹೆರಿಗೆ ನೋವು ಬಂತು. ಆಂಬುಲೆನ್ಸ್ ಬಂದು ಕೇರಿಯ ಬಾಯಲ್ಲೇ ನಿಂತಿತು. ಒಳಗೆ ಬರೋಕೆ ದಾರಿಯಿಲ್ಲ. ಎರಡು ಆಟೋ, ಒಂದು ಗೂಡ್ಸ್ ಗಾಡಿ, ಸಾಲಾಗಿ ಬೈಕುಗಳು. ಎಲ್ಲಾ ನಮ್ಮವೇ. ಒಬ್ಬನ ಗಾಡಿ ಬೀಗದಕೈ ಸಿಗಲಿಲ್ಲ, ಇನ್ನೊಬ್ಬ ನೈಟ್ ಡ್ಯೂಟಿಗೆ ಹೋಗಿದ್ದ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಹೊತ್ತು, ಬೈಕುಗಳ ನಡುವೆ ನುಸುಳಿಸಿಕೊಂಡು ಅವಳನ್ನು ಹೊರಗೆ ತಂದೆವು. ತಾಯಿ ಮಗು ಉಳಿದವು. ಅದು ನಮ್ಮ ಪುಣ್ಯವೇ ಹೊರತು ನಮ್ಮ ಯೋಗ್ಯತೆಯಲ್ಲ.

ಮಾರನೇ ದಿನ ಕೇರಿ ಸೇರಿಸಿ ಮಾತಾಡಿದೆವು. ಆಟೋ ಓಡಿಸೋ ಹುಡುಗ ಎದ್ದು ನಿಂತ. 'ಅಣ್ಣಾ, ಗಾಡಿ ಮೇಲೆ ಸಾಲ ಐತೆ. ದೊಡ್ಡ ರೋಡಲ್ಲಿ ಬಿಟ್ರೆ ಬ್ಯಾಟರಿ ಬಿಚ್ಚಿಕೊಂಡು ಹೋಗ್ತಾರೆ. ಲೇಔಟಲ್ಲಿ ನಿಲ್ಸಿದ್ರೆ ಅವರು ಗಾಳಿ ಬಿಡ್ತಾರೆ. ನಾನು ಎಲ್ಲಿ ಇಡ್ಲಿ?'

ಅವನ ಪ್ರಶ್ನೆಯೂ ಸೊಪ್ಪಿನಕ್ಕನ ಪ್ರಶ್ನೆಯಷ್ಟೇ ನ್ಯಾಯವಾದದ್ದು. ಅದಕ್ಕೇ ನಾವು ಗಾಡಿಗಳ ಮೇಲೆ ಸಿಟ್ಟು ಮಾಡಿಕೊಳ್ಳುವ ತತ್ವವನ್ನು ಒಪ್ಪುವುದಿಲ್ಲ. ನಮ್ಮ ಹುಡುಗ ಬೈಕು ಹತ್ತಿ ಮೇಲಿನವರ ಬೀದಿಯಲ್ಲಿ ಹೋದದ್ದಕ್ಕೆ ಹೊಡೆತ ತಿಂದ ದೇಶ ಇದು. ದಲಿತನು ಸೈಕಲ್ಲು, ಮೋಟಾರ್ ಸೈಕಲ್ಲು ಹತ್ತುವುದನ್ನು ತಡೆದರೆ ದೌರ್ಜನ್ಯ ಅಂತ ಕಾಯ್ದೆಯಲ್ಲೇ ಬರೆಯಬೇಕಾಗಿ ಬಂತು. ಆ ತಿದ್ದುಪಡಿ ಜಾರಿಗೆ ಬಂದದ್ದು 2016ರ ಜನವರಿಯಲ್ಲಿ. ನಮ್ಮವರಿಗೆ ಗಾಡಿ ಅಂದರೆ ಅನ್ನ ಹೌದು, ಮಾನವೂ ಹೌದು.

ಜಪಾನಿನಲ್ಲಿ 1962ರಿಂದ ಒಂದು ಕಾಯ್ದೆಯಿದೆ. ಕಾರು ನಿಲ್ಲಿಸಲು ಬೀದಿಯಾಚೆ ಸ್ವಂತ ಇಲ್ಲವೇ ಬಾಡಿಗೆ ಜಾಗವಿದೆ ಅಂತ ರುಜುವಾತು ತೋರಿಸಬೇಕು. ಆ ಜಾಗ ಮನೆಯಿಂದ 2 ಕಿಲೋಮೀಟರಿನೊಳಗೆ ಇರಬೇಕು. ಒಳ್ಳೆಯ ಕಾಯ್ದೆ. ಅದನ್ನು ಇಲ್ಲಿ ಹಾಗೇ ತಂದು ಹಾಕಿ ಅನ್ನುವವರಿಗೆ ನಮ್ಮದೊಂದು ಮಾತು. ಹತ್ತಡಿ ಮನೆಯವನು ಎಲ್ಲಿಂದ ರುಜುವಾತು ತರಬೇಕು? ಜಾಗವಿದ್ದವನು ನಾಲ್ಕು ಕಾರು ಕೊಳ್ಳಬಹುದು, ಜಾಗವಿಲ್ಲದವನು ಹೊಟ್ಟೆಪಾಡಿನ ಒಂದು ಆಟೋ ಕೊಳ್ಳಬಾರದು ಅಂತಾದರೆ, ಒಳ್ಳೆಯ ಕಾಯ್ದೆಯೇ ಬಡವನ ಬೆನ್ನಿಗೆ ಬಾರುಕೋಲಾಗುತ್ತದೆ. ಹಾಗಂತ ನಿಯಮವೇ ಬೇಡ ಅನ್ನುವುದೂ ಸರಿಯಲ್ಲ. ನಿಯಮವಿಲ್ಲದ ಬೀದಿಯಲ್ಲಿ ಯಾವಾಗಲೂ ಗೆಲ್ಲೋದು ದೊಡ್ಡ ಗಾಡಿ.

ಹಾಗಾದರೆ ನ್ಯಾಯ ಯಾವುದು? ನಮಗೆ ತಿಳಿದಷ್ಟು ಹೇಳುತ್ತೇವೆ. ತಪ್ಪಿದ್ದರೆ ಓದುಗ ಗೆಳೆಯರು ತಿದ್ದಲಿ.

ಬೀದಿ ಮೊದಲು ನಡೆಯುವವರದು. ಮಗು, ಮುದುಕಿ, ಕೋಲು ಹಿಡಿದವರು, ಚಟ್ಟ ಹೊತ್ತವರು, ಇವರಿಗೆ ದಾರಿ ಬಿಟ್ಟ ಮೇಲೆ ಮಿಕ್ಕದ್ದು. ಆಂಬುಲೆನ್ಸು, ಬೆಂಕಿ ಆರಿಸುವ ಗಾಡಿಗೆ ದಾರಿ ಇರಲೇಬೇಕು. ಇಪ್ಪತ್ತಡಿ ರಸ್ತೆಯ ಎರಡೂ ಕಡೆ ಕಾರು ನಿಂತರೆ ಉಳಿಯೋದು 8 ಅಡಿ. ಬೆಂಕಿ ಆರಿಸುವ ದೊಡ್ಡ ಗಾಡಿಯ ಅಗಲವೇ ಸುಮಾರು 8 ಅಡಿ. ಅಂಥ ಬೀದಿಯಲ್ಲಿ ಒಂದೇ ಕಡೆ ನಿಲ್ಲಿಸಬೇಕು ಅನ್ನೋದಕ್ಕೆ ತತ್ವಶಾಸ್ತ್ರ ಬೇಡ, ಟೇಪು ಸಾಕು. ಆಮೇಲೆ ದುಡಿಮೆ: ತಳ್ಳುಗಾಡಿ, ಆಟೋ, ಇಸ್ತ್ರಿ ಗಾಡಿ. ದುಡಿಯುವ ಗಾಡಿಗೆ ರಾತ್ರಿ ಕಾವಲಿರುವ ಜಾಗವನ್ನು ನಗರಪಾಲಿಕೆಯೇ ಕೊಡಬೇಕು. ಶಾಲೆ, ಕಚೇರಿಗಳ ಮೈದಾನ ರಾತ್ರಿ ಖಾಲಿ ಬಿದ್ದಿರುತ್ತದೆ. ಕೊನೆಗೆ ಉಳಿದರೆ, ಸುಮ್ಮನೆ ನಿಲ್ಲುವ ಗಾಡಿಗೆ ಜಾಗ. ಅದಕ್ಕೆ ಹಿಡಿದ ನೆಲಕ್ಕೆ ತಕ್ಕ ಬಾಡಿಗೆ. ಎರಡನೇ ಕಾರಿಗೆ ಹೆಚ್ಚು, ಮೂರನೆಯದಕ್ಕೆ ಇನ್ನೂ ಹೆಚ್ಚು. ಆ ದುಡ್ಡು ಅದೇ ವಾರ್ಡಿನ ಫುಟ್‌ಪಾತಿಗೆ ಹೋಗಲಿ.

ಇದೆಲ್ಲಾ ಆಗುವವರೆಗೆ ಕಾಯಬೇಕಿಲ್ಲ. ನಮ್ಮ ಕೇರಿಯಲ್ಲಿ ನಾವೇ ಒಂದು ಕಡೆ ಸುಣ್ಣದ ಗೆರೆ ಎಳೆದೆವು. ಗೆರೆಯ ಈಚೆ ಗಾಡಿ ಇಲ್ಲ. ಮೊದಲ ವಾರ ಜಗಳವಾಯಿತು. ಈಗ ಮಕ್ಕಳೇ ಕಾವಲು ಕಾಯ್ತಾರೆ. ಗೆರೆ ದಾಟಿದ ಬೈಕು ಕಂಡರೆ ಕೂಗ್ತಾರೆ. ಮೇಷ್ಟರುಗಳು ಶಾಲೆಯ ಮಕ್ಕಳ ಕೈಗೆ ಟೇಪು ಕೊಟ್ಟು ತಮ್ಮ ಬೀದಿ ಅಳೆಸಲಿ. ಗಣಿತವೂ ಆಯಿತು, ಸಂವಿಧಾನವೂ ಆಯಿತು. ವಿದ್ಯಾರ್ಥಿ ಗೆಳೆಯರು 127ನೇ ಕಲಮನ್ನೂ 2014ರ ಕಾಯ್ದೆಯನ್ನೂ ಕನ್ನಡದಲ್ಲಿ ಬರೆದು ತಳ್ಳುಗಾಡಿಯವರಿಗೆ ಓದಿ ಹೇಳಲಿ. ನಮ್ಮ ಮನೆ ಮುಂದೆ ಗೆರೆ ಎಳೆದುಕೊಂಡ ಮೇಲೆ ಮೋರಿಯಾಚೆಯವರನ್ನು ಕೇಳೋಕೆ ನಮಗೆ ಬಾಯಿ ಬರುತ್ತದೆ.

ಕೇಳಿಯೂ ಆಯಿತು. ಟಾರ್ಪಾಲಿನ ಕಾರಿನ ಬಗ್ಗೆ ಒಂದು ಅರ್ಜಿ ಬರೆದಿದ್ದೇವೆ. ಅರ್ಜಿಯಲ್ಲಿ ಕಾಯ್ದೆಯ ಕಲಮು ಇದೆ, ಅಳತೆ ಇದೆ, ಬೀದಿ ಗುಡಿಸೋ ಹೆಂಗಸರ ಹೆಬ್ಬೆಟ್ಟು ಇದೆ. ಮೊದಲ ಹೆಬ್ಬೆಟ್ಟು ಸೊಪ್ಪಿನಕ್ಕನದು.

ಅವಳ ಪ್ರಶ್ನೆಗೂ ಈಗ ಉತ್ತರ ಹೇಳಿದ್ದೇವೆ. 'ಅಕ್ಕಾ, ಬೀದಿ ಅವರಪ್ಪಂದಲ್ಲ. ನಮ್ಮಪ್ಪಂದೂ ಅಲ್ಲ. ಎಲ್ಲರಪ್ಪಂದು.'

ಅವಳು ನಕ್ಕಳು. 'ಎಲ್ಲರಪ್ಪಂದು ಅಂದ್ಮೇಲೆ ನಮ್ಮಪ್ಪಂದೂ ಆಯ್ತಲ್ಲ' ಅಂದಳು. ಮಾರನೇ ದಿನ ಗಾಡಿ ತಳ್ಳಿಕೊಂಡು ಅದೇ ಹೊಂಗೆಮರದ ನೆರಳಿಗೆ ಹೋದಳು.